ಬುಧವಾರದ ಬಣ್ಣ

ಪರದೇಶಕ್ಕೆ ಹೊರಟವನ ಜೇಬಿನಲ್ಲಿ ಪಾಸ್‌ಪೋರ್ಟಿನಷ್ಟೇ ಭದ್ರವಾಗಿ ಇರಬೇಕಾದ ಇನ್ನೊಂದು ಕಾಗದವುಂಟು. ಅದು ಮನೆಯವರು ಬರೆದುಕೊಟ್ಟ ಪಟ್ಟಿ. ಪಾಸ್‌ಪೋರ್ಟು ಕಳೆದರೆ ರಾಯಭಾರ ಕಚೇರಿಯವರಾದರೂ ಒಂದು ದಾರಿ ತೋರಿಸಿಯಾರು; ಪಟ್ಟಿ ಕಳೆದರೆ ಮನೆಗೆ ಮರಳುವ ದಾರಿಯೇ ಇಲ್ಲ.

2024ರ ಆಗಸ್ಟ್ ತಿಂಗಳಲ್ಲಿ ಒಂದು ವಿಚಾರ ಸಂಕಿರಣದ ನೆಪದಿಂದ ಬ್ಯಾಂಕಾಕಿಗೆ ಹೋಗುವ ಯೋಗ ನನಗೆ ಒದಗಿತು. ನಾನು ಪ್ರಬಂಧ ಓದಿದ್ದು ಇಪ್ಪತ್ತು ನಿಮಿಷ, ಕೇಳಿದವರು ಹದಿನಾಲ್ಕು ಮಂದಿ. ಆ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಕೊನೆಯ ದಿನವೊಂದು ಪೂರ್ತಿಯಾಗಿ ನನ್ನದಾಗಿತ್ತು. ಮಧ್ಯಾಹ್ನದವರೆಗೆ ಊರು ನೋಡುವುದು, ಸಂಜೆಯೊಳಗೆ ಪಟ್ಟಿ ಮುಗಿಸುವುದು, ರಾತ್ರಿ ವಿಮಾನ ಹತ್ತುವುದು ಎಂದು ಗೊತ್ತು ಮಾಡಿಕೊಂಡೆ.

ಪಟ್ಟಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಅಮ್ಮನ ಮಂಡಿನೋವಿಗೆ ತೈಲ, ಮಗಳಿಗೆ ಬಟ್ಟೆಯ ಆನೆ, ತಂಗಿಯ ಮಗುವಿಗೆ ಅಂಗಿ, ಪಕ್ಕದ ಮನೆಯವರಿಗೆ ಮಡಿಸುವ ಕೊಡೆ, ಹೀಗೆ. ಬರೆದವಳು ನನ್ನ ಹೆಂಡತಿ. ದುಂಡನೆಯ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಆದರೆ ಹನ್ನೊಂದು ಸಾಲುಗಳಲ್ಲಿ ಎಲ್ಲಿಯೂ ಅವಳ ಹೆಸರಿರಲಿಲ್ಲ.

“ನಿನಗೇನು ತರಲಿ?” ಎಂದು ಹೊರಡುವಾಗ ಕೇಳಿದ್ದೆ.

“ನಿಮಗೆ ತೋಚಿದ್ದು ತನ್ನಿ” ಎಂದಿದ್ದಳು.

ಪರೀಕ್ಷೆಗಳಿಗೆ ಪ್ರಶ್ನೆಪತ್ರಿಕೆ ತಯಾರಿಸುವುದು ನನ್ನ ಕಸುಬು. ಇಷ್ಟು ಕಠಿನವಾದ ಪ್ರಶ್ನೆಯನ್ನು ನಾನು ಯಾವ ವಿದ್ಯಾರ್ಥಿಗೂ ಕೊಟ್ಟವನಲ್ಲ. ಆದರೆ ಆಗ ನನಗೆ ಚಿಂತೆಯೇನೂ ಆಗಲಿಲ್ಲ. ತೋಚುವುದೇನಿದೆ, ಹಸಿರು ಬಣ್ಣದ್ದೊಂದು ರೇಷ್ಮೆ ತಂದರಾಯಿತು ಎಂದುಕೊಂಡೆ. ಅವಳನ್ನು ನೋಡಲು ಹೋದ ದಿನ ಅವಳು ಉಟ್ಟಿದ್ದುದು ಹಸಿರು ಸೀರೆ. ಅಂದಿನಿಂದ ಹಸಿರು ಅವಳ ಬಣ್ಣವೆಂದು ನನ್ನ ಮನಸ್ಸಿನಲ್ಲಿ ಸ್ಥಿರವಾಗಿಬಿಟ್ಟಿತ್ತು.

ಬೆಳಿಗ್ಗೆ ಏಳು ಗಂಟೆಗೇ ಸಾಥೋನ್ ಕಟ್ಟೆಯಲ್ಲಿ ದೋಣಿ ಹತ್ತಿದೆ. ಚಾವ್ ಫ್ರಾಯ ನದಿ ಮಳೆಗಾಲದ ಕೆಂಪು ನೀರು ಹೊತ್ತು ಹರಿಯುತ್ತಿತ್ತು. ಬ್ಯಾಂಕಾಕ್ ಎಂಬುದು ಹೊರಗಿನವರು ಕರೆಯುವ ಹೆಸರು. ಊರಿನವರಿಗೆ ಅದು ‘ಕ್ರುಂಗ್ ಥೇಪ್ ಮಹಾನಖೋನ್’. ‘ಥೇಪ್’ ಎಂದರೆ ನಮ್ಮ ‘ದೇವ’, ‘ಮಹಾನಖೋನ್’ ಎಂದರೆ ‘ಮಹಾನಗರ’. ಪೂರ್ಣ ನಾಮಧೇಯವನ್ನು ಹೇಳತೊಡಗಿದರೆ ಅಮರ, ರತ್ನ, ಇಂದ್ರ, ವಿಶ್ವಕರ್ಮರೆಲ್ಲ ಒಬ್ಬರ ಹಿಂದೊಬ್ಬರು ಬಂದು ನಿಲ್ಲುತ್ತಾರೆ. 1782ರಲ್ಲಿ ಒಂದನೆಯ ರಾಮನೆಂದು ಹೆಸರಾದ ದೊರೆ ನದಿಯ ಪೂರ್ವ ದಡದಲ್ಲಿ ಈ ರಾಜಧಾನಿಯನ್ನು ಕಟ್ಟಿಸಿದನು. ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಊರು ಸಿಕ್ಕಿದರೆ ಕೇಳಬೇಕೆ? ದೋಣಿ ಇಳಿಯುವಷ್ಟರಲ್ಲಿ ನನ್ನ ಟಿಪ್ಪಣಿ ಪುಸ್ತಕದ ಎರಡು ಪುಟ ತುಂಬಿತ್ತು.

ಅರಮನೆಯ ಬೀದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಭ್ಯನೊಬ್ಬ ಎದುರಾಗಿ, “ಅಯ್ಯೋ, ಈ ದಿನ ಪೂಜೆ, ಅರಮನೆ ಮುಚ್ಚಿದೆ, ಬನ್ನಿ, ಒಳ್ಳೆಯ ರತ್ನದಂಗಡಿ ತೋರಿಸುತ್ತೇನೆ” ಎಂದು ಇಂಗ್ಲಿಷಿನಲ್ಲಿ ಮರುಕದಿಂದ ಹೇಳಿದ. ನಾನು ನಂಬಿಯೇಬಿಟ್ಟಿದ್ದೆ. ಆದರೆ ಅವನ ಬೆನ್ನ ಹಿಂದೆಯೇ ಬಾಗಿಲು ತೆರೆದು, ಜನ ಸಾಲಾಗಿ ಒಳಗೆ ಹೋಗುತ್ತಿರುವುದು ಕಂಡಿತು. ನಮ್ಮ ತೀರ್ಥಕ್ಷೇತ್ರಗಳಲ್ಲಿ ಪಳಗಿದವನಿಗೆ ಈ ಸಭ್ಯರು ಹೊಸಬರಲ್ಲ. ಕೈ ಮುಗಿದು ಮುಂದೆ ನಡೆದೆ.

ಒಳಗಿನ ಪ್ರಾಕಾರದ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ರಾಮಾಯಣವಿದೆ. ಅವರು ಅದನ್ನು ‘ರಾಮಕೀಯನ್’ ಎನ್ನುತ್ತಾರೆ. ರಾವಣ ಇಲ್ಲಿ ‘ಥೋತ್ಸಕಾನ್’, ಎಂದರೆ ದಶಕಂಠ. ಹನುಮಂತ ಬ್ರಹ್ಮಚಾರಿಯಲ್ಲ, ಸೇತುವೆ ಕಟ್ಟುವಾಗ ಅಡ್ಡಿ ಮಾಡಲು ಬಂದ ರಾವಣನ ಮಗಳನ್ನೇ, ಸುವರ್ಣಮತ್ಸ್ಯೆಯನ್ನು, ಒಲಿಸಿಕೊಂಡವನು! ಮಡಿವಂತರು ಕಣ್ಣು ಮುಚ್ಚಿಕೊಳ್ಳಬಹುದು. ನನಗಂತೂ ಬಹಳ ಹೊತ್ತು ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಗುಡಿಯೊಳಗಿನ ಮರಕತ ಬುದ್ಧನ ಎತ್ತರ ಸುಮಾರು 66 ಸೆಂಟಿಮೀಟರು. ಕಲ್ಲು ಮರಕತವಲ್ಲವಂತೆ, ಬೇರೊಂದು ಹಸಿರು ಶಿಲೆ. ಈ ಪುಟ್ಟ ಮೂರ್ತಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಉಡುಗೆ. ಕಾಲ ತಿರುಗಿದಾಗ ಅದನ್ನು ಬದಲಿಸುವ ಕೆಲಸ ಸಾಕ್ಷಾತ್ ದೊರೆಯದು. ನಾನು ಹೋದಾಗ ಬುದ್ಧ ಮಳೆಗಾಲದ ಉಡುಗೆಯಲ್ಲಿದ್ದ. ದೊರೆಯಾದವನಿಗೂ ಇಂಥ ಕಾಲಕ್ಕೆ ಇಂಥದು ಒಪ್ಪುತ್ತದೆ ಎಂಬ ನೆನಪಿರಬೇಕಲ್ಲ ಎಂದುಕೊಂಡು ಹೊರಬಂದೆ.

ಅಲ್ಲಿಂದ ವಾಟ್ ಫೋ ದೇವಾಲಯಕ್ಕೆ ಹತ್ತು ನಿಮಿಷದ ನಡಿಗೆ. ಅಲ್ಲಿ 46 ಮೀಟರು ಉದ್ದದ ಬುದ್ಧ ಬಲಮಗ್ಗುಲಾಗಿ ಮಲಗಿದ್ದಾನೆ. ಅಂಗಾಲುಗಳಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಿಡಿಸಿದ 108 ಮಂಗಳ ಚಿಹ್ನೆಗಳು. ಗೋಡೆಯುದ್ದಕ್ಕೆ 108 ಕಂಚಿನ ಪಾತ್ರೆಗಳು. ಪುಟ್ಟ ನಾಣ್ಯಗಳನ್ನು ಕೊಂಡು, ಪಾತ್ರೆಗೊಂದರಂತೆ ಹಾಕುತ್ತ ಹೋಗಬೇಕು. ನೂರಾರು ಕೈಗಳಿಂದ ಬೀಳುವ ನಾಣ್ಯಗಳ ಟಿಣಿಟಿಣಿ ನಾದ ಆ ಮಂದಿರವನ್ನೆಲ್ಲ ತುಂಬಿಕೊಂಡಿತ್ತು. ನನ್ನ ಮುಂದೆ ನಾಣ್ಯ ಹಾಕುತ್ತಿದ್ದ ವೃದ್ಧೆಯೊಬ್ಬರು ಅಷ್ಟಿಷ್ಟು ಇಂಗ್ಲಿಷು ಬಲ್ಲವರು. ತಾವು ಮಂಗಳವಾರ ಹುಟ್ಟಿದವರೆಂದೂ, ಮಲಗಿದ ಬುದ್ಧ ಮಂಗಳವಾರದವರ ಬುದ್ಧನೆಂದೂ ಹೇಳಿದರು. ಒಂದೊಂದು ವಾರಕ್ಕೆ ಒಂದೊಂದು ಭಂಗಿಯ ಬುದ್ಧ, ಒಂದೊಂದು ಬಣ್ಣ. ಭಾನುವಾರಕ್ಕೆ ಕೆಂಪು, ಸೋಮವಾರಕ್ಕೆ ಹಳದಿ, ಮಂಗಳವಾರಕ್ಕೆ ಗುಲಾಬಿ. ವಾರಗಳು ಏಳಾದರೂ ಬುದ್ಧರು ಎಂಟು ಎಂದೂ ಆಕೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ. ಏಕೆಂದರೆ ನಾನು ಆಗ ವಾರಗಳ ಹೆಸರುಗಳನ್ನು ಬರೆದುಕೊಳ್ಳುವ ಸಂಭ್ರಮದಲ್ಲಿದ್ದೆ. ಅಥಿತ್, ಎಂದರೆ ಆದಿತ್ಯ, ಚಾನ್, ಚಂದ್ರ, ಅಂಗ್‌ಖಾನ್, ಅಂಗಾರಕ, ಫುತ್, ಬುಧ, ಸುಕ್, ಶುಕ್ರ, ಸಾವ್, ಶನಿ. ನಮ್ಮ ನವಗ್ರಹಗಳು ಇಲ್ಲಿಯೂ ಮನೆ ಮಾಡಿಕೊಂಡಿವೆ! ಕಾಲೇಜಿನಲ್ಲಿ ಒಂದು ತಾಸಿನ ಪಾಠಕ್ಕೆ ಸಾಮಗ್ರಿ ಸಿಕ್ಕಿತೆಂದು ಹಿಗ್ಗಿದೆ.

ನದಿಯ ಆಚೆ ದಡದಲ್ಲಿ ಅರುಣನ ಹೆಸರಿನ ಗೋಪುರ ಪಿಂಗಾಣಿ ಚೂರುಗಳನ್ನು ಮೈತುಂಬ ತೊಟ್ಟು ಹೊಳೆಯುತ್ತಿತ್ತು. ಅದಕ್ಕೆ ದೂರದಿಂದಲೇ ನಮಸ್ಕರಿಸಿ, ಪಾಕ್ ಖ್ಲೊಂಗ್ ತಲಾತ್ ಎಂಬ ಹೂವಿನ ಪೇಟೆಯನ್ನು ಹಾದು, ಮಲ್ಲಿಗೆ ಚೆಂಡುಹೂಗಳ ರಾಶಿಯ ನಡುವೆ ಗಾಂಧಿ ಬಜಾರನ್ನು ನೆನೆಯುತ್ತ, ಮಧ್ಯಾಹ್ನದ ಹೊತ್ತಿಗೆ ಫಾಹುರತ್ ಬೀದಿಗೆ ಬಂದೆ.

ಫಾಹುರತ್ ಬ್ಯಾಂಕಾಕಿನ ಬಟ್ಟೆಯ ಪೇಟೆ, ಭಾರತೀಯರ ಪೇಟೆ. ಗುರುದ್ವಾರದ ಚಿನ್ನದ ಗುಮ್ಮಟದ ನೆರಳಿನಲ್ಲಿ ಸೀರೆ, ಕುಂಕುಮ, ಅಗರಬತ್ತಿ, ಜಿಲೇಬಿ ಎಲ್ಲವೂ ಉಂಟು. ದೊರೆ ಚುಲಾಲೊಂಗ್‌ಕಾರ್ನನ ಮಗಳೊಬ್ಬಳು 1887ರಲ್ಲಿ ತನ್ನ ಎಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು. ಈ ಬೀದಿಗಿರುವುದು ಅವಳ ಹೆಸರು. ನನ್ನ ಮಗಳಿಗೂ ಎಂಟು ವರ್ಷ. ಬಟ್ಟೆಯ ಆನೆಯನ್ನು ಆ ಬೀದಿಯಲ್ಲಿ ಕೊಳ್ಳುವಾಗ, ಚೌಕಾಸಿ ಮಾಡಲು ಏಕೋ ಮನಸ್ಸಾಗಲಿಲ್ಲ.

ಪಕ್ಕದ ಸಾಂಪೆಂಗ್ ಓಣಿಯಲ್ಲಿ ಉಳಿದ ಸಾಲುಗಳು ಮುಗಿದವು. ಅರಮನೆಗಾಗಿ ಜಾಗ ಬಿಟ್ಟುಕೊಟ್ಟ ಚೀಣೀ ವರ್ತಕರು 1782ರಲ್ಲಿ ಬಂದು ನೆಲೆಸಿದ ಓಣಿಯದು. ಇಬ್ಬರು ಎದುರುಬದುರಾದರೆ ಒಬ್ಬರು ಅಂಗಡಿಯೊಳಗೆ ಸರಿಯಬೇಕು, ಸರಿದವರು ಏನಾದರೂ ಕೊಳ್ಳಲೇಬೇಕು. ಹನ್ನೊಂದು ಸಾಲುಗಳನ್ನೂ ಹೊಡೆದುಹಾಕಿ, ಮತ್ತೆ ಫಾಹುರತ್ತಿಗೆ ಬಂದು, ರೇಷ್ಮೆಯ ಅಂಗಡಿಯೊಂದನ್ನು ಹೊಕ್ಕೆ.

ಅಂಗಡಿಯ ಯಜಮಾನರು ಸರದಾರ್ಜಿ. ಬಟ್ಟೆ ತೋರಿಸುವವಳು ಆ ದೇಶದ ಹುಡುಗಿ, ಇಪ್ಪತ್ತರ ಒಳಗಿನ ವಯಸ್ಸು.

“ಹಸಿರು ರೇಷ್ಮೆ ಬೇಕು, ಹೆಂಡತಿಗೆ” ಎಂದೆ.

ಹುಡುಗಿ ನಕ್ಕು, “ಅವರು ಬುಧವಾರ ಹುಟ್ಟಿದವರೆ?” ಎಂದು ಕೇಳಿದಳು. ಸರದಾರ್ಜಿ ಹಿಂದಿಗೆ ತಿರುಗಿಸಿದರು. ಬುಧವಾರದ ಬಣ್ಣ ಹಸಿರು.

ನನ್ನ ಬಳಿ ಉತ್ತರವಿರಲಿಲ್ಲ. ಅಥಿತ್‌ನಿಂದ ಸಾವ್‌ವರೆಗೆ ಏಳು ವಾರಗಳ ವ್ಯುತ್ಪತ್ತಿ ಜೇಬಿನ ಪುಸ್ತಕದಲ್ಲಿತ್ತು. ಹತ್ತು ವರ್ಷ ಜೊತೆಗೆ ಬಾಳಿದವಳು ಯಾವ ವಾರ ಹುಟ್ಟಿದಳೆಂಬುದು ಗೊತ್ತಿರಲಿಲ್ಲ. ತಾರೀಖು ಮಾತ್ರ ಅರ್ಜಿಗಳಲ್ಲಿ ತುಂಬಿ ತುಂಬಿ ಬಾಯಿಗೆ ಬಂದಿತ್ತು. ಮೊಬೈಲು ತೆಗೆದು ಪಂಚಾಂಗ ನೋಡಿದೆ. ಆಶ್ಚರ್ಯ, ಬುಧವಾರವೇ! ನಾನು ಗೆದ್ದವನಂತೆ ಪರದೆಯನ್ನು ಹುಡುಗಿಗೆ ತೋರಿಸಿದೆ. ಅವಳೂ ಸಂತೋಷಪಟ್ಟು ಹಸಿರಿನ ಥಾನುಗಳನ್ನು ಒಂದೊಂದಾಗಿ ಇಳಿಸತೊಡಗಿದಳು. ಮೂರನೆಯದನ್ನು ಇಳಿಸುವಾಗ ತಿರುಗಿ ನಿಂತು ಕೇಳಿದಳು:

“ಹಗಲೋ, ರಾತ್ರಿಯೋ?”

ಎಂಟನೆಯ ಬುದ್ಧನ ಗುಟ್ಟು ಆಗ ತಿಳಿಯಿತು. ಅಲ್ಲಿಯವರ ಲೆಕ್ಕದಲ್ಲಿ ಬುಧವಾರ ಎರಡು ಭಾಗ. ಹಗಲು ಬುಧನದು, ಬಣ್ಣ ಹಸಿರು. ರಾತ್ರಿ ರಾಹುವಿನದು, ಬಣ್ಣ ಬೂದು. ಬೇರೆ ದಾರಿಯಿಲ್ಲದೆ ಮನೆಗೆ ಫೋನು ಮಾಡಿದೆ.

“ನೀನು ಹುಟ್ಟಿದ್ದು ಹಗಲೋ, ರಾತ್ರಿಯೋ?”

“ಏನಾಯಿತು ನಿಮಗೆ? ಜ್ವರವೇ?” ಎಂದಳು. ವಿಷಯ ತಿಳಿಸಿದ ಮೇಲೆ ಹೇಳಿದಳು: “ರಾತ್ರಿ. ಜುಲೈ ತಿಂಗಳು, ತೀರ್ಥಹಳ್ಳಿಯ ಮಳೆ. ದೀಪವಿರಲಿಲ್ಲವಂತೆ. ಲಾಟೀನು ಹಿಡಿದು ಸೂಲಗಿತ್ತಿಯನ್ನು ಕರೆತಂದರಂತೆ. ಈ ಕತೆಯನ್ನು ಅಮ್ಮ ನಿಮಗೂ ಹೇಳಿದ್ದಾರಲ್ಲ?”

ಹೇಳಿದ್ದಿರಬೇಕು. ನಾನು ಕೇಳಿಸಿಕೊಂಡಿರಲಿಲ್ಲ.

“ಹಾಗಾದರೆ ಹಸಿರು ನಿನ್ನದಲ್ಲವಂತೆ, ಬೂದು ಬಣ್ಣವಂತೆ. ಅದೆಲ್ಲ ಇವರ ಶಾಸ್ತ್ರ, ಬಿಡು. ನಿನಗೆ ಇಷ್ಟವಾದ ಹಸಿರನ್ನೇ ತರುತ್ತೇನೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕುಕ್ಕರಿನ ಸದ್ದು ಮಾತ್ರ ಕೇಳಿಸುತ್ತಿತ್ತು.

“ನನಗೆ ಹಸಿರು ಇಷ್ಟವೆಂದು ನಿಮಗೆ ಯಾರು ಹೇಳಿದರು?”

“ನೋಡಲು ಬಂದ ದಿನ ನೀನು ಉಟ್ಟಿದ್ದೆಯಲ್ಲ?”

“ಅದು ಅಕ್ಕನ ಸೀರೆ” ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ. “ಮದುವೆಯ ಜವಳಿಗೆ ಹೋದಾಗ ನಾನು ಮೋಡದ ಬಣ್ಣದ ಸೀರೆಯೊಂದರ ಮೇಲೆ ಕೈಯಿಟ್ಟೆ. ಮಂಗಳಕಾರ್ಯಕ್ಕೆ ಇದೇನು ಬಣ್ಣವೆಂದು ಹಿರಿಯರು ಮಡಿಸಿ ಇಟ್ಟುಬಿಟ್ಟರು. ನೀವೂ ಅಲ್ಲೇ ಇದ್ದಿರಿ.”

ಇದ್ದೆ. ಅಂಗಡಿಯವರು ಕೊಟ್ಟ ಬಾದಾಮಿ ಹಾಲು ಕುಡಿಯುತ್ತ ಕುಳಿತಿದ್ದೆ. ಹಾಲಿನ ರುಚಿ ಈಗಲೂ ನೆನಪಿದೆ.

ನಾನು ಫೋನು ಇಡುವಷ್ಟರಲ್ಲಿ ಹುಡುಗಿ ಹಸಿರು ಥಾನುಗಳನ್ನೆಲ್ಲ ಮೇಲಕ್ಕೇರಿಸಿ ಬೇರೊಂದನ್ನು ಬಿಚ್ಚಿದ್ದಳು. ಹಾಸಿಗೆ ಒಂದು ಬಣ್ಣದ ಎಳೆ, ಹೊಕ್ಕಿಗೆ ಇನ್ನೊಂದು ಬಣ್ಣದ ಎಳೆ ಹಾಕಿ ನೇಯುವುದು ಆ ದೇಶದ ರೇಷ್ಮೆಯ ವೈಶಿಷ್ಟ್ಯ. ಒಂದು ಕಡೆಯಿಂದ ನೋಡಿದರೆ ಬೂದು, ಇನ್ನೊಂದು ಕಡೆಯಿಂದ ನೀಲಿ. ಮಳೆ ಬರುವ ಮುನ್ನ ಮಲೆನಾಡಿನ ಗುಡ್ಡದ ಮೇಲೆ ನಿಲ್ಲುವ ಮೋಡದಂತಿತ್ತು.

“ಸೀರೆಗಾದರೆ ಆರು ಗಜ” ಎಂದರು ಸರದಾರ್ಜಿ, ನಾನು ಕೇಳದೆಯೇ. ಅದೂ ನನಗೆ ಗೊತ್ತಿರಲಾರದೆಂದು ಅವರಿಗೆ ಮನವರಿಕೆಯಾಗಿತ್ತು. ಹನ್ನೊಂದು ಸಾಲುಗಳಿಗೆ ಒಟ್ಟು ಖರ್ಚಾದಷ್ಟೇ ಹಣ ಆ ಆರು ಗಜಕ್ಕೂ ಆಯಿತು.

ಊರಿಗೆ ಬಂದ ಮೇಲೆ ಹೆಂಡತಿ ಪೊಟ್ಟಣ ಬಿಚ್ಚಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಏನೂ ಹೇಳಲಿಲ್ಲ. ಮಡಿಸಿಡಲು ಬೀರು ತೆರೆದಾಗ ನಾನು ಹಿಂದೆ ನಿಂತಿದ್ದೆ. ಮೇಲಿನ ಅರೆಯಲ್ಲಿ ಹಸಿರು ಸೀರೆಗಳನ್ನು ಎಣಿಸಿದೆ. ಏಳಿದ್ದವು. ಏಳನ್ನೂ ತಂದವನು ನಾನೇ. ಏಳನ್ನೂ ಅವಳು ಉಟ್ಟು, “ಚೆನ್ನಾಗಿದೆಯೇ?” ಎಂದು ನನ್ನನ್ನು ಕೇಳಿದ್ದಳು.

ಅಮ್ಮ ಮಂಡಿಗೆ ತೈಲ ತಿಕ್ಕಿಕೊಳ್ಳುತ್ತ ಹಜಾರದಲ್ಲಿ ಕುಳಿತಿದ್ದರು. ಹೋಗಿ ಪಕ್ಕದಲ್ಲಿ ಕುಳಿತೆ.

“ಅಮ್ಮಾ, ನಿನಗೆ ಯಾವ ಬಣ್ಣ ಇಷ್ಟ?”

ಅಮ್ಮ ತಿಕ್ಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಯಾರೋ ಮರೆತ ಲೆಕ್ಕವನ್ನು ಕೇಳಿದಂತೆ ಹುಬ್ಬು ಗಂಟಿಕ್ಕಿದರು. ಎಷ್ಟೋ ಹೊತ್ತಿನ ಮೇಲೆ, “ಇರು, ಯೋಚನೆ ಮಾಡಿ ಹೇಳುತ್ತೇನೆ” ಎಂದರು.

ಇನ್ನೂ ಹೇಳಿಲ್ಲ. ಈಚೆಗೆ ಹೂವಿನವಳು ಬಂದಾಗ ಮಾತ್ರ ಬುಟ್ಟಿಯನ್ನು ಕೊಂಚ ಹೆಚ್ಚು ಹೊತ್ತು ನೋಡುತ್ತಾರೆ.