ನಮ್ಮ ಕಡೆಯ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನವರಿಗೆ ಎರಡು ಜಿಲ್ಲೆ. ಕಂದಾಯದ ಲೆಕ್ಕಕ್ಕೆ ನಾವು ತುಮಕೂರಿನವರು. ಶಾಲೆಯ ಲೆಕ್ಕಕ್ಕೆ ಮಾತ್ರ ಮಧುಗಿರಿಯೇ ಒಂದು ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಪತ್ರಿಕೆಯ ಪಟ್ಟಿಯಲ್ಲಿ ತುಮಕೂರು ಬೇರೆ, ಮಧುಗಿರಿ ಬೇರೆ ಎಂದು ಅಚ್ಚಾಗುತ್ತದೆ. ಹೀಗೆ ವರ್ಷಕ್ಕೊಂದು ದಿನ ನಾವು ಜಿಲ್ಲೆಯವರಾಗುತ್ತೇವೆ. ಉಳಿದ ದಿನಗಳಲ್ಲಿ ಜಿಲ್ಲೆ ಮಾಡಿಕೊಡಿ ಎಂದು ಮನವಿ ಕೊಡುವವರಾಗಿರುತ್ತೇವೆ.

ಇಂಥ ಸೀಮೆಯವರಿಗೆ ಒಂದು ಆಸೆ ಸದಾ ಇರುತ್ತದೆ. ನಮ್ಮವರೊಬ್ಬರು ಮೇಲಿನ ಕುರ್ಚಿಯಲ್ಲಿ ಕೂತರೆ ಜಿಲ್ಲೆಯೂ ಆಗುತ್ತದೆ, ಕೆರೆಗೆ ನೀರೂ ಬರುತ್ತದೆ ಎಂಬ ಆಸೆ. ನಾನು ಸರ್ಕಾರಿ ಪ್ರೌಢಶಾಲೆಯ ಮೇಡಂ. ಯಾವ ಪಕ್ಷದ ಶಾಲನ್ನೂ ಹೆಗಲಿಗೆ ಹಾಕಿಕೊಳ್ಳುವ ಹಾಗಿಲ್ಲ. ಆದರೆ ಆಸೆ ಪಡಬೇಡಿ ಎಂದು ಸೇವಾ ನಿಯಮದಲ್ಲೂ ಬರೆದಿಲ್ಲ.

ನಾನು ಮೊದಲ ಸಲ ಓಟು ಹಾಕಿದ್ದು 1989ರಲ್ಲಿ. ಇಪ್ಪತ್ತೊಂದಕ್ಕಿದ್ದ ಮತದಾನದ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿದ್ದು ಅದೇ ವರ್ಷ. ಮಧುಗಿರಿ ಆಗ ಮೀಸಲು ಕ್ಷೇತ್ರ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಮಾಡಿ ಬಂದಿದ್ದ ಜಿ. ಪರಮೇಶ್ವರ ಎಂಬ ಯುವಕರು ಕಾಂಗ್ರೆಸ್ಸಿನಿಂದ ನಿಂತಿದ್ದರು. ತುಮಕೂರಿನಲ್ಲಿ ಸಿದ್ಧಾರ್ಥ ವಿದ್ಯಾಸಂಸ್ಥೆ ಕಟ್ಟಿದ ಗಂಗಾಧರಯ್ಯನವರ ಮಗ. ನಮ್ಮಪ್ಪ ಹತ್ತು ಜನರ ಮುಂದೆ, "ಓದಿದೋನಪ್ಪಾ, ಮಾತು ಎಷ್ಟು ಬೇಕೋ ಅಷ್ಟೇ" ಎಂದು ಹೇಳಿದ್ದು ನೆನಪಿದೆ. ಅಪ್ಪನ ತಕ್ಕಡಿಯಲ್ಲಿ ಮಾತು ಕಡಿಮೆ ಆಡುವುದಕ್ಕೆ ತೂಕ ಜಾಸ್ತಿ. ಪರಮೇಶ್ವರ ಗೆದ್ದರು. ಮುಂದೆ 1999ರಲ್ಲಿ, 2004ರಲ್ಲಿ ಮಧುಗಿರಿಯಿಂದಲೇ ಗೆದ್ದರು. ಕ್ಷೇತ್ರ ವಿಂಗಡಣೆಯಾಗಿ ಮಧುಗಿರಿ ಸಾಮಾನ್ಯವಾಯಿತು, ಕೊರಟಗೆರೆ ಮೀಸಲಾಯಿತು. 2008ರಲ್ಲಿ ಅವರು ಕೊರಟಗೆರೆಗೆ ಬಂದರು. 2010ರಲ್ಲಿ ಪಕ್ಷದ ರಾಜ್ಯ ಅಧ್ಯಕ್ಷರಾದರು. ಪಕ್ಷ ಗೆದ್ದರೆ ಅಧ್ಯಕ್ಷರೇ ಮುಖ್ಯಮಂತ್ರಿ ಎಂಬ ಲೆಕ್ಕ ಕೊರಟಗೆರೆಯ ಹೋಟೆಲುಗಳಲ್ಲಿ ಇಡ್ಲಿಯ ಜೊತೆ ಬರತೊಡಗಿತು. ಕರ್ನಾಟಕಕ್ಕೆ ಆವರೆಗೆ ಒಬ್ಬ ದಲಿತ ಮುಖ್ಯಮಂತ್ರಿ ಆಗಿರಲಿಲ್ಲ. ನಮ್ಮ ಶಾಲೆಯ ಕೊನೆ ಬೆಂಚಿನ ಹುಡುಗರಿಗೂ ಅದು ಗೊತ್ತಿತ್ತು.

2013ರ ಮೇ 8ರಂದು ಎಣಿಕೆ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಂತು, ಕೊರಟಗೆರೆಯಲ್ಲಿ ಅಧ್ಯಕ್ಷರೇ ಸುಮಾರು 18 ಸಾವಿರ ಮತಗಳಿಂದ ಜೆಡಿಎಸ್‌ನ ಸುಧಾಕರ ಲಾಲ್ ಅವರಿಗೆ ಸೋತರು. ಮದುವೆ ಮನೆಯಲ್ಲಿ ಊಟ ಬಡಿಸುವ ಹೊತ್ತಿಗೆ ಮದುಮಗನೇ ಇಲ್ಲವಾದಂತಾಯಿತು. ಒಳಗಿನವರೇ ಸೋಲಿಸಿದರು ಎಂದು ಕಟ್ಟೆಯ ಮೇಲೆ ಕೂತವರು ಇವತ್ತಿಗೂ ಹೇಳುತ್ತಾರೆ. ಕಟ್ಟೆಯ ಮಾತಿಗೆ ನಾನು ಸಾಕ್ಷಿಯಲ್ಲ. ಎರಡು ದಿನದ ನಂತರ ಬೆಂಗಳೂರಿನಲ್ಲಿ ಶಾಸಕರು ಗುಟ್ಟಾಗಿ ಮತ ಹಾಕಿ ಸಿದ್ದರಾಮಯ್ಯನವರನ್ನು ಆರಿಸಿದರು.

ಆ ಗುಪ್ತ ಮತದಾನದ ಸುದ್ದಿಯನ್ನು ನಾನು ತರಗತಿಯಲ್ಲಿ ಬಹಳ ಸಲ ಉಪಯೋಗಿಸಿದ್ದೇನೆ. ಅಮೆರಿಕದ ಪ್ರೈಮರಿ ಚುನಾವಣೆ ಎಂದರೇನು ಎಂದು ಹೇಳಬೇಕಾದಾಗ ಕೈಗೆ ಸಿಗುವ ನಮ್ಮ ಉದಾಹರಣೆ ಅದು. "ಅಲ್ಲಿ ಟಿಕೆಟ್ ಯಾರು ಕೊಡ್ತಾರೆ ಮಿಸ್?" ಎಂದು ಒಬ್ಬ ಹುಡುಗ ಕೇಳಿದ್ದ. ಜನವೇ ಕೊಡುತ್ತಾರೆ ಎಂದರೆ ನಂಬಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಒಂದೊಂದು ಪಕ್ಷದಿಂದ ಹತ್ತಾರು ಜನ ಹೊರಡುತ್ತಾರೆ. ಆಯೋವಾ, ನ್ಯೂ ಹ್ಯಾಂಪ್‌ಶೈರ್ ಎಂಬಂಥ ಸಣ್ಣ ರಾಜ್ಯಗಳಲ್ಲಿ ಹಿಮ ಬೀಳುವ ಕಾಲದಲ್ಲಿ ಮನೆಮನೆ ಸುತ್ತುತ್ತಾರೆ. ಪಕ್ಷದ ಸಾಮಾನ್ಯ ಮತದಾರರು ಇಂಥವರೇ ನಮ್ಮ ಅಭ್ಯರ್ಥಿ ಎಂದು ಆರಿಸುತ್ತಾರೆ. ಅಲ್ಲೂ ಮೊದಲಿನಿಂದ ಹೀಗಿರಲಿಲ್ಲ. 1968ರಲ್ಲಿ ಹಂಫ್ರಿ ಎಂಬುವರು ಪ್ರೈಮರಿಗಳಲ್ಲಿ ಸ್ಪರ್ಧಿಸದೆಯೇ ಪಕ್ಷದ ಹಿರಿಯರ ಬಲದಿಂದ ಅಭ್ಯರ್ಥಿಯಾದರು, ದೊಡ್ಡ ಗಲಾಟೆಯಾಯಿತು, ಆಮೇಲೆ ನಿಯಮ ಬದಲಾಯಿತು. ನಮ್ಮಲ್ಲಿ ಬಿ ಫಾರಂ ದೆಹಲಿಯ ಕೃಪೆಯಿಂದ ಬರುತ್ತದೆ. ಮುಖ್ಯಮಂತ್ರಿಯ ಹೆಸರು ಸಾಮಾನ್ಯವಾಗಿ ಒಂದು ಸಾಲಿನ ನಿರ್ಣಯದಲ್ಲಿ ಬರುತ್ತದೆ.

ಜನ ಆರಿಸಿದರೆ ಒಳ್ಳೆಯವರೇ ಬರುತ್ತಾರೆಂದು ಯಾರೂ ತಿಳಿಯಬಾರದು. 2015ರಲ್ಲಿ ಟ್ರಂಪ್ ಹೊರಟಾಗ ನಗುವವರೇ ಹೆಚ್ಚು. ಮೊದಲ ಭಾಷಣದಲ್ಲೇ ಮೆಕ್ಸಿಕೋದಿಂದ ಬರುವವರನ್ನು ಹೀನಾಯವಾಗಿ ಆಡಿದರು. ಯುದ್ಧದಲ್ಲಿ ಸೆರೆಸಿಕ್ಕಿ ವರ್ಷಗಟ್ಟಲೆ ಹಿಂಸೆ ಅನುಭವಿಸಿದ್ದ ಮೆಕೇನ್ ಅವರನ್ನು, ಸೆರೆಸಿಕ್ಕವರು ಎಂಥ ವೀರರು ಎನ್ನುವ ಧಾಟಿಯಲ್ಲಿ ಹಂಗಿಸಿದರು. ಇನ್ನು ಇವರ ಕಥೆ ಮುಗಿಯಿತು ಎಂದು ಪ್ರತಿ ಸಲವೂ ಪಂಡಿತರು ಬರೆದರು. ಪ್ರತಿ ಸಲವೂ ಅವರು ಒಂದು ಮೆಟ್ಟಿಲು ಮೇಲೆ ಹೋದರು. 2016ರ ಅಕ್ಟೋಬರಿನಲ್ಲಿ ಹೆಂಗಸರ ಬಗ್ಗೆ ಅವರು ಆಡಿದ್ದ ಮಾತಿನ ಟೇಪು ಹೊರಬಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಗಂಡಸರು ಚರ್ಚೆ ಮಾಡುತ್ತಿದ್ದಾಗ ನಾನು, "ಅಂಥ ಮಾತಾಡಿದೋನಿಗೆ ಯಾವ ಹೆಂಗಸು ಓಟು ಹಾಕ್ತಾಳೆ ಸಾರ್" ಎಂದೆ. ನವೆಂಬರ್ 8ಕ್ಕೆ ಅವರು ಗೆದ್ದರು. ಹಾಕಿದ ಹೆಂಗಸರು ಲಕ್ಷಾಂತರ.

ಅದಾಗಿ ಎರಡು ತಿಂಗಳು ತುಂಬಿರಲಿಲ್ಲ. 2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯಲ್ಲಿ ಹೊಸ ವರ್ಷದ ಗುಂಪಿನಲ್ಲಿ ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದರೆಂದು ಸುದ್ದಿಯಾಯಿತು. ಗೃಹಮಂತ್ರಿ ನಮ್ಮ ಪರಮೇಶ್ವರ ಅವರೇ. ಹೊಸ ವರ್ಷ, ಕ್ರಿಸ್‌ಮಸ್ ಇಂಥ ದಿನಗಳಲ್ಲಿ ಇಂಥವು ಆಗುತ್ತವೆ, ಯುವಜನ ಪಾಶ್ಚಾತ್ಯರನ್ನು ಬರೀ ಯೋಚನೆಯಲ್ಲಲ್ಲ, ಬಟ್ಟೆಯಲ್ಲೂ ಅನುಕರಿಸುತ್ತಾರೆ ಎಂಬ ಅರ್ಥದ ಮಾತಾಡಿದರು. ರಾಷ್ಟ್ರೀಯ ಮಹಿಳಾ ಆಯೋಗದವರು ಕ್ಷಮೆ ಕೇಳಿ ಎಂದರು. ದೇಶದ ಟೀವಿಯಲ್ಲೆಲ್ಲ ಅದೇ. ತಮ್ಮ ಮಾತನ್ನು ತಿರುಚಲಾಗಿದೆ ಎಂದು ಅವರು ಆಮೇಲೆ ಹೇಳಿದರು.

ಟ್ರಂಪ್ ಆಡಿದ್ದು ನನಗೆ ಸುದ್ದಿ, ಇದು ಸುದ್ದಿಯಾಗಿರಲಿಲ್ಲ. ಮಾತು ಎಷ್ಟು ಬೇಕೋ ಅಷ್ಟೇ ಎಂದು ಅಪ್ಪ ಮೆಚ್ಚಿದ್ದ ಮನುಷ್ಯ. ಅಡಿಲೇಡಿನಲ್ಲಿ ಓದಿದವರು, ಪಾಶ್ಚಾತ್ಯರನ್ನು ಪುಸ್ತಕದಲ್ಲಲ್ಲ, ಪಕ್ಕದಲ್ಲಿ ಕೂತು ಕಂಡವರು. ಬಟ್ಟೆಯ ವಿಷಯಕ್ಕೆ ಬಂದರೆ, ಮಧುಗಿರಿಯಿಂದ ಕೊರಟಗೆರೆಗೆ ಬೆಳಗಿನ ಬಸ್ಸಿನಲ್ಲಿ ಒಂದು ವಾರ ಓಡಾಡಿದರೆ ಸಾಕು. ನನ್ನ ಮಕ್ಕಳು ತೊಡುವುದು ಸರ್ಕಾರಿ ಸಮವಸ್ತ್ರ. ದುಪ್ಪಟ್ಟಾ ಮಡಿಕೆ ಹಾಕಿ ಎರಡೂ ಹೆಗಲಿಗೆ ಪಿನ್ನು ಚುಚ್ಚಿರುತ್ತಾರೆ. ಮೂರನೆಯ ಪಿನ್ನೊಂದು ಕೈಯಲ್ಲಿರುತ್ತದೆ. ಅದು ದುಪ್ಪಟ್ಟಾಕ್ಕಲ್ಲ. ನಾನು ಕಾಲೇಜಿಗೆ ಹೋಗುವಾಗ ಲಂಗ ದಾವಣಿ. ಪಿನ್ನು ನನ್ನ ಕೈಯಲ್ಲೂ ಇತ್ತು. ಲಂಗ ಹೋಗಿ ಚೂಡಿದಾರ ಬಂತು, ಪಿನ್ನು ಹಾಗೇ ಉಳಿಯಿತು. ಇದು ಗೃಹ ಇಲಾಖೆಯ ಕಡತದಲ್ಲಿ ಬರುವ ವಿಷಯವಲ್ಲ, ಆದರೆ ಮನೆಯಲ್ಲಿ ಅಕ್ಕತಂಗಿಯರಿರುವ ಯಾರಿಗೂ ಗೊತ್ತಿರದ ವಿಷಯವೂ ಅಲ್ಲ.

ಆ ಮಾತಿನಿಂದ ಅವರಿಗೇನೂ ನಷ್ಟವಾಗಲಿಲ್ಲ. ಪಕ್ಷದ ಅಧ್ಯಕ್ಷಗಿರಿಗಾಗಿ ಮಂತ್ರಿಗಿರಿ ಬಿಟ್ಟರು, 2018ರಲ್ಲಿ ಕೊರಟಗೆರೆಯಲ್ಲಿ ಗೆದ್ದು ಉಪಮುಖ್ಯಮಂತ್ರಿಯಾದರು. ಆ ದಿನ ನನಗೂ ಸಂತೋಷವಾಯಿತೆಂದು ಬರೆಯಬೇಕು. ನಾಚಿಕೆಯೇನಿಲ್ಲ. ದಲಿತ ಕೇರಿಯಿಂದ ಬರುವ ನನ್ನ ಮಕ್ಕಳ ಮುಖ ಆ ದಿನ ನೋಡಿದ್ದವರಿಗೆ ಅದು ಅರ್ಥವಾಗುತ್ತದೆ.

ಮಧುಗಿರಿಯ ಕೆ.ಎನ್. ರಾಜಣ್ಣನವರದು ಬೇರೆ ಜಾತಿಯ ಮಾತು. ಸಹಕಾರ ಕ್ಷೇತ್ರದಲ್ಲಿ ಬೆಳೆದವರು, ಡಿಸಿಸಿ ಬ್ಯಾಂಕಿನ ಅಧ್ಯಕ್ಷರಾಗಿ ಬಹುಕಾಲ ಇದ್ದವರು. ನಮ್ಮ ಕಡೆ ಬೆಳೆಸಾಲ ಎಂದರೆ ಅವರ ಹೆಸರು ಬಂದೇ ಬರುತ್ತದೆ. ಪರಮೇಶ್ವರ ಅಳೆದು ಸುರಿದರೆ ಇವರು ಚೀಲವನ್ನೇ ಬೋರಲು ಹಾಕುತ್ತಾರೆ. "ನಮ್ಮ ರಾಜಣ್ಣ ಒಳಗೊಂದು ಹೊರಗೊಂದು ಇಟ್ಕೊಂಡೋರಲ್ಲ ಬುಡಿ ಮೇಡಂ" ಎಂದು ಸಂತೆಯಲ್ಲಿ ಹುಣಸೆಹಣ್ಣು ಮಾರುವಾಕೆಯೂ ಹೇಳುತ್ತಾಳೆ. 2022ರಲ್ಲಿ ಮಧುಗಿರಿ ತಾಲ್ಲೂಕಿನ ಒಂದು ಸಭೆಯಲ್ಲಿ, ಇಬ್ಬರ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿರುವ ದೇವೇಗೌಡರು ಮುಂದೆ ನಾಲ್ವರ ಹೆಗಲ ಮೇಲೆ ಹೋಗುತ್ತಾರೆ ಎಂಬರ್ಥದ ಮಾತಾಡಿದರು. ಎಂಬತ್ತೊಂಬತ್ತರ ಹಿರಿಯರ ಸಾವನ್ನು ಹೀಗೆ ಎಣಿಸುವುದೇ? ಸಭೆಯಲ್ಲಿ ಕೂತವರು ನಕ್ಕರು. ಪ್ರತಿಭಟನೆಯಾಯಿತು, ರಾಜಣ್ಣ ವಿಷಾದ ಹೇಳಿದರು. ಮರು ವರ್ಷ ದೊಡ್ಡ ಅಂತರದಿಂದ ಗೆದ್ದು ಸಹಕಾರ ಮಂತ್ರಿಯಾದರು. ಉಸ್ತುವಾರಿ ಯಾವ ಜಿಲ್ಲೆ ಎಂದಿರಿ? ದೇವೇಗೌಡರ ಹಾಸನ.

ಆಮೇಲೆ ಇನ್ನೂ ಮೂವರು ಉಪಮುಖ್ಯಮಂತ್ರಿಗಳು ಬೇಕೆಂದರು, 2025ರ ಮಾರ್ಚಿನಲ್ಲಿ ವಿಧಾನಸಭೆಯಲ್ಲೇ ಎದ್ದುನಿಂತು ಹನಿಟ್ರ್ಯಾಪಿನ ವಿಷಯ ಹೇಳಿ ಎಲ್ಲರನ್ನೂ ಬೆಚ್ಚಿಬೀಳಿಸಿದರು, ಜೂನಿನಲ್ಲಿ ಸೆಪ್ಟೆಂಬರ್ ಕ್ರಾಂತಿ ಎಂದರು. ಯಾವುದೂ ಅವರ ಕುರ್ಚಿಯನ್ನು ಅಲುಗಿಸಲಿಲ್ಲ. ಆಗಸ್ಟಿನಲ್ಲಿ ರಾಹುಲ್ ಗಾಂಧಿಯವರು ಬೆಂಗಳೂರಿನ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಮತಗಳ್ಳತನವಾಗಿದೆ ಎಂದು ದಾಖಲೆ ಹಿಡಿದು ಹೇಳಿದರಲ್ಲ, ಆಗ ರಾಜಣ್ಣ, ಪಟ್ಟಿ ತಯಾರಾದಾಗ ಇಲ್ಲಿ ನಮ್ಮದೇ ಸರ್ಕಾರವಿತ್ತು, ಆಗೇಕೆ ಕಣ್ಣುಮುಚ್ಚಿ ಕೂತಿದ್ದೆವು ಎಂದರು. ಆಗಸ್ಟ್ 11ಕ್ಕೆ ಸಂಪುಟದಿಂದಲೇ ಹೊರಗೆ. ಮಧುಗಿರಿಯಲ್ಲಿ ಜನ ಬೀದಿಗಿಳಿದರು.

ಮತದಾರರ ಪಟ್ಟಿಯ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವುಂಟು. ನಾನು ಕೆಲವು ವರ್ಷ ಬಿಎಲ್‌ಓ ಆಗಿದ್ದವಳು. ಶಾಲೆ ಬಿಟ್ಟ ಮೇಲೆ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಬೀದಿ ತಿರುಗಿದ್ದೇನೆ. ಸೇರಿಸಲು ಫಾರಂ 6, ತೆಗೆಯಲು ಫಾರಂ 7. ಸತ್ತವರ ಹೆಸರು ತೆಗೆಸಲು ಮನೆಯವರಿಗೆ ಮನಸ್ಸು ಬರುವುದಿಲ್ಲ. "ಇರ್ಲಿ ಬುಡವ್ವ, ಅದೊಂದ್ರಲ್ಲಾದ್ರೂ ಅವ್ರ ಹೆಸ್ರು ಇರ್ಲಿ" ಎಂದು ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡಿದ್ದಳು. ಬೆಂಗಳೂರಿಗೆ ಗುಳೆ ಹೋದವರ ಹೆಸರು ಇಲ್ಲೂ ಇರುತ್ತದೆ, ಅಲ್ಲೂ ಸೇರಿರುತ್ತದೆ. ಪಾವಗಡದ ಕಡೆಯಂತೂ ಬೀಗ ಹಾಕಿದ ಮನೆಗಳ ಸಾಲೇ ಸಿಗುತ್ತದೆ. ಕರಡು ಪಟ್ಟಿ ಬಂದಾಗ ನೋಡಿ ತಕರಾರು ಹೇಳಿ ಎಂದು ಪಕ್ಷಗಳ ಏಜೆಂಟರಿಗೂ ಕೊಡುತ್ತಾರೆ. ಹಾಳೆ ತಿರುವಿದವರು ಕಡಿಮೆ. ಪಟ್ಟಿಯನ್ನು ಸಿದ್ಧಮಾಡುವುದು ಚುನಾವಣಾ ಆಯೋಗದ ಕೆಲಸ, ಸರ್ಕಾರದ್ದಲ್ಲ ಎಂಬುದು ಪಾಠದಲ್ಲಿ ನಾನೇ ಹೇಳುವ ವಿಷಯ. ಆ ಮಟ್ಟಿಗೆ ರಾಜಣ್ಣನವರ ಲೆಕ್ಕ ಪೂರಾ ಸರಿಯಲ್ಲ. ಆದರೆ ನಾವೇಕೆ ನೋಡಲಿಲ್ಲ ಎಂಬ ಪ್ರಶ್ನೆ ಬಿಸಿಲಲ್ಲಿ ತಿರುಗಿದ ನನ್ನಂಥವಳಿಗೆ ಬೈಗುಳವಾಗಿ ಕೇಳಲಿಲ್ಲ.

ಹಿರಿಯರ ಸಾವನ್ನು ಆಡಿದ್ದಕ್ಕೆ ವಿಷಾದ ಸಾಕಾಯಿತು. ಹೆಣ್ಣುಮಕ್ಕಳ ಬಟ್ಟೆಯ ಮಾತಿಗೆ ಸ್ಪಷ್ಟೀಕರಣ ಸಾಕಾಯಿತು. ಪಕ್ಷದ ನಾಯಕರ ಮಾತಿಗೆ ಅಡ್ಡ ಮಾತಾಡಿದ್ದಕ್ಕೆ ಮಾತ್ರ ನಾಲ್ಕೇ ದಿನದಲ್ಲಿ ಕುರ್ಚಿ ಹೋಯಿತು. ಯಾವ ಮಾತಿಗೆ ಎಷ್ಟು ಬೆಲೆ ಎಂದು ದೆಹಲಿಯಲ್ಲೊಂದು ದರಪಟ್ಟಿ ಇರಬೇಕು. ಅಮೆರಿಕದ ಜನರ ದರಪಟ್ಟಿಯೂ ಇದಕ್ಕಿಂತ ಮೇಲಾಗಿಲ್ಲ, ಅದು ಬೇರೆ.

ಅದೇ 2025ರ ಏಪ್ರಿಲ್ ತಿಂಗಳು ನನ್ನನ್ನು ಇನ್ನೂ ಚುಚ್ಚುತ್ತದೆ. ಬೆಂಗಳೂರಿನ ಬಿಟಿಎಂ ಬಡಾವಣೆಯ ಕಡೆ ಒಂದು ಓಣಿಯಲ್ಲಿ ನಡೆದು ಹೋಗುತ್ತಿದ್ದ ಹುಡುಗಿಯರಲ್ಲಿ ಒಬ್ಬಳ ಮೇಲೆ ಒಬ್ಬ ಎರಗಿದ್ದು ಕ್ಯಾಮೆರಾದಲ್ಲಿ ದಾಖಲಾಗಿತ್ತು. ಮತ್ತೆ ಗೃಹಮಂತ್ರಿಯಾಗಿದ್ದ ಪರಮೇಶ್ವರ, ಇಷ್ಟು ದೊಡ್ಡ ನಗರದಲ್ಲಿ ಅಲ್ಲಿ ಇಲ್ಲಿ ಇಂಥವು ಆಗುತ್ತವೆ ಎಂದರು. ಎಂಟು ವರ್ಷದ ಹಿಂದಿನ "ಆಗುತ್ತವೆ" ಅದೇ ಕ್ರಿಯಾಪದ, ಅದೇ ಕಾಲ. ಕನ್ನಡದಲ್ಲಿ ಇದೊಂದು ಅನುಕೂಲದ ಪದ. ಮಳೆ ಆಗುತ್ತದೆ ಎಂದ ಹಾಗೆ, ಮಾಡಿದವನೇ ಬೇಕಿಲ್ಲ. ಮಾರನೆಯ ದಿನ, ಮಹಿಳೆಯರಿಗೆ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದರು. ಪೊಲೀಸರು ಆ ಮನುಷ್ಯನನ್ನು ಕೇರಳದವರೆಗೆ ಹುಡುಕಿ ಹೋಗಿ ಹಿಡಿದರು, ಅದನ್ನೂ ಹೇಳಬೇಕು.

ಆ ವಾರವೇ ಕೊರಟಗೆರೆ ತಾಲ್ಲೂಕಿನ ಒಬ್ಬ ತಾಯಿ ನಮ್ಮ ಮನೆಗೆ ಬಂದಳು. ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಬಿ.ಕಾಂ. ಮುಗಿಸಿದ್ದಾಳೆ, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಪಿ.ಜಿ.ಯಲ್ಲಿ ಇರಬೇಕು. ಮನೆತನದಲ್ಲಿ ಡಿಗ್ರಿ ಕಂಡವಳು ಅವಳೇ ಮೊದಲು. "ಟೀವಿಲಿ ನೋಡಿದ್ರಾ ಮೇಡಂ? ಗೃಹಮಂತ್ರಿನೇ ಆಗ್ತವೆ ಅಂತಾರೆ. ಅವ್ರು ನಮ್ಮೋರು ಬೇರೆ. ಇನ್ಯಾರ್ನ ಕೇಳಾನ? ಇವ್ರಪ್ಪ ಬ್ಯಾಡ, ಮದ್ವೆ ಮಾಡಾನ ಅಂತವ್ರೆ." ಅಡ್ಡ ಹಾಕುವ ಅಪ್ಪನಿಗೆ ಆ ಒಂದು ಮಾತು ಆಧಾರವಾಗಿತ್ತು. ಬ್ರಿಗೇಡ್ ರಸ್ತೆಯಲ್ಲಿ, ಟೀವಿ ಚರ್ಚೆಯಲ್ಲಿ ಆ ಮಾತಿನ ಆಯಸ್ಸು ಎರಡು ದಿನ. ಹಳ್ಳಿಯ ಜಗಲಿಯಲ್ಲಿ ಅದು ಹೆಣ್ಣುಮಗಳ ಕೆಲಸವನ್ನೇ ತಿನ್ನಬಲ್ಲದು.

ಕಾಫಿ ಕೊಟ್ಟು ಕೂರಿಸಿದೆ. ಅವಳ ಗಂಡನನ್ನೂ ಫೋನಿನಲ್ಲಿ ಕರೆದು, "ನಿಮ್ಮೂರಿನ ಬೆಳಗಿನ ಬಸ್ಸಲ್ಲಿ ಐದು ವರ್ಷ ಓಡಾಡಿದೋಳು ಕಣಪ್ಪ, ಬೆಂಗಳೂರು ಅವಳಿಗೇನು ಹೊಸದಾ?" ಎಂದೆ. ಆತ ಸುಮಾರು ಹೊತ್ತು ಮಾತಾಡಲಿಲ್ಲ. ಬಸ್ಸಿನ ವಿಷಯ ಅವಳು ಮನೆಯಲ್ಲಿ ಹೇಳಿರಲಿಲ್ಲ ಎಂದು ಕಾಣುತ್ತದೆ. ಮೇ ತಿಂಗಳಲ್ಲಿ ಹುಡುಗಿ ಹೊರಟಳು.

ನವೆಂಬರಿನಲ್ಲಿ ಸಿದ್ದರಾಮಯ್ಯ, ಶಿವಕುಮಾರ್ ಇಬ್ಬರ ನಡುವೆ ಕುರ್ಚಿಯ ಮಾತು ಜೋರಾದಾಗ ಪರಮೇಶ್ವರ, ತಾವೂ ರೇಸಿನಲ್ಲಿ ಇದ್ದೇವೆ ಎಂದರು. ಕೊರಟಗೆರೆಯ ಹೋಟೆಲಿನಲ್ಲಿ ಇಡ್ಲಿಯ ಜೊತೆ ಮತ್ತೆ ಲೆಕ್ಕ ಶುರುವಾಯಿತು. ಸ್ಟಾಫ್ ರೂಮಿನಲ್ಲಿ, "ನಿಮ್ಮ ಓಟು ಯಾರಿಗೆ ಮೇಡಂ, ಇದ್ರಲ್ಲಿ?" ಎಂದು ತಮಾಷೆಗೆ ಕೇಳಿದರು. ಇದರಲ್ಲಿ ನಮಗೆ ಓಟಿಲ್ಲವಲ್ಲ ಎಂದೆ. ಇದ್ದಿದ್ದರೆ? ಹಾಕುತ್ತಿದ್ದೆನೇನೋ, ಒಂದು ಷರತ್ತು ಬರೆದು ಜೊತೆಗಿಟ್ಟು.

ಡಿಸೆಂಬರಿನ ಒಂದು ಭಾನುವಾರ ಆ ಹುಡುಗಿ ಬಂದಿದ್ದಳು. ಮೊದಲ ಸಂಬಳಗಳಲ್ಲಿ ಉಳಿಸಿ ಅಮ್ಮನಿಗೆ ಓಲೆ ಮಾಡಿಸಿದ್ದಾಳೆ. ಆಫೀಸಿನಲ್ಲಿ ಊರು ಯಾವುದು ಎಂದರೆ ಕೊರಟಗೆರೆ ಎನ್ನುತ್ತಾಳಂತೆ. ಗೃಹಮಂತ್ರಿಯ ಕ್ಷೇತ್ರವಾ ಎಂದು ಕೇಳುತ್ತಾರಂತೆ.

"ನೀನೇನಂತೀಯ?"

"ಹೂಂ ಅಂತೀನಿ ಮಿಸ್. ನಮ್ಮೋರೇ ಅಲ್ವಾ?" ಎಂದು ನಕ್ಕಳು. ಆಮೇಲೆ, "ನಮ್ಮ ಪಿ.ಜಿ. ರೋಡಲ್ಲಿ ಎರಡು ಲೈಟು ಕೆಟ್ಟಿವೆ. ಅವರಿಗೇ ಒಂದು ಅರ್ಜಿ ಬರೀಬೇಕು ಅಂತಿದೀನಿ, ನಿಮ್ಮ ಕ್ಷೇತ್ರದ ಮತದಾರಳು ಅಂತ ಹಾಕಿ. ಕಾಗುಣಿತ ನೋಡ್ಕೊಡ್ತೀರಾ?"

ಕೆಂಪು ಪೆನ್ನು ಚೀಲದಲ್ಲೇ ಇತ್ತು. ಮೊದಲು ಬರಿ, ಎಂದೆ.