ಓದಲಾಗದ ನಕ್ಷೆ

ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ 1133ರದು. ಅದರ ಶಾಸನವನ್ನು ಬಲ್ಲವರು ಇಂದಿಗೂ ಓದುತ್ತಾರೆ. ಅದೇ ಊರಿನ ನಮ್ಮ ಮನೆಯ ನಕ್ಷೆ 2006ರದು, ಓದಲಾಗಲಿಲ್ಲ.

ಮೇಲಂತಸ್ತು ಕಟ್ಟಿಸಲು ಪಾಯದ ವಿವರ ಬೇಕಾಗಿತ್ತು. ಕಾಗದದ ಪ್ರತಿ ಗೆದ್ದಲಿನ ಪಾಲಾಗಿತ್ತು. ಸಿ.ಡಿ.ಯಲ್ಲಿದ್ದ ಡಿ.ಡಬ್ಲ್ಯು.ಜಿ. ಕಡತವನ್ನು ಎಂಜಿನಿಯರರ ಹೊಸ ಆಟೊಕ್ಯಾಡ್ ತೆರೆಯಿತು, ಗೆರೆಗಳೆಲ್ಲ ಸರಿಯಾಗಿಯೇ ಇದ್ದವು; ಮೇಸ್ತ್ರಿಗೆಂದು ಕನ್ನಡದಲ್ಲಿ ಬರೆಸಿದ್ದ ಟಿಪ್ಪಣಿ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿತ್ತು. ಇಂಥ ಕಡತ ಅಕ್ಷರಶೈಲಿಯ ಹೆಸರನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಅಕ್ಷರಗಳ ಆಕಾರವನ್ನಲ್ಲ. ಹಳೆಯ ‘ನುಡಿ’ ಅಕ್ಷರಶೈಲಿಯನ್ನು ಗಣಕಕ್ಕೆ ಹಾಕಿದೊಡನೆ ಟಿಪ್ಪಣಿ ಮೂಡಿತು: ಪಾಯ ಒಂದೇ ಅಂತಸ್ತಿಗೆ! (ಕನ್ನಡದಲ್ಲಿ ಬರೆಸಬಾರದಿತ್ತೆಂಬ ಮಗನ ಮಾತನ್ನು ನಾನೊಪ್ಪೆ.)

ಮೇಲಂತಸ್ತು ಕೈಬಿಟ್ಟೆವು. ಟಿಪ್ಪಣಿಯನ್ನು ಯುನಿಕೋಡಿಗೆ ಬದಲಿಸಿದ ನಕ್ಷೆಯನ್ನೂ, ಅಕ್ಷರಗಳನ್ನು ತನ್ನೊಳಗೇ ಇರಿಸಿಕೊಳ್ಳುವ ಪಿ.ಡಿ.ಎಫ್./ಎ ಪ್ರತಿಯನ್ನೂ ಮಗನಿಗೆ ಒಪ್ಪಿಸಿದ್ದೇನೆ. ಒಂದು ಕಾಗದದ ಪ್ರತಿ ನನ್ನ ಟ್ರಂಕಿನಲ್ಲಿದೆ.