ಬೆಳೆಯೋ ಮಕ್ಕಳ ಅಳತೆ

ನಮ್ಮ ಮನೆಯಲ್ಲಿ ಮಕ್ಕಳ ಬಟ್ಟೆಯನ್ನು ಅಳತೆಗೆ ಸರಿಯಾಗಿ ಹೊಲಿಸಿದ್ದೇ ಇಲ್ಲ. "ಬೆಳೆಯೋ ಮಕ್ಕಳು, ಸ್ವಲ್ಪ ಸಡಿಲ ಇರಲಿ" ಎಂದು ದರ್ಜಿಗೆ ಹೇಳಿ, ಲಂಗದ ಅಂಚನ್ನು ನಾಲ್ಕು ಬೆರಳು ಮಡಿಚಿ ಹೊಲಿಸಿ, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದೆವು. ಚಪ್ಪಲಿಗೂ ಅದೇ ನ್ಯಾಯ. ಈ ಜಾಣತನ ಸುಳ್ಳಾದದ್ದು ಅಮೆರಿಕದ ಒಹಾಯೊದಲ್ಲಿ, ಹತ್ತು ವರ್ಷದ ಮೊಮ್ಮಗಳಿಗೆ ಸ್ಪರ್ಧೆಯ ಕ್ವಾಡ್ ಕೊಳ್ಳಲು ಹೋದಾಗ.

ಕ್ವಾಡ್ ಎಂದರೆ ಮೋಟಾರ್ ಸೈಕಲ್ಲಿನಂತೆ ಆಚೀಚೆ ಕಾಲು ಹಾಕಿ ಕೂರುವ, ನಾಲ್ಕು ದಪ್ಪ ಚಕ್ರಗಳ ಗಾಡಿ. ಮಣ್ಣಿನ ದಿಬ್ಬಗಳ ಮೇಲೆ ಪುಟ್ಟ ಮಕ್ಕಳು ಅದನ್ನು ಹಾರಿಸುವುದನ್ನು ನೋಡಿ ನನ್ನ ಎದೆ ಝಲ್ಲೆಂದಿತು. "ಹೆಣ್ಣುಮಗು, ಮುಖ ಮೂತಿ ಒಡೆದುಕೊಂಡರೆ?" ಎಂದೆ. ಮಗಳು ತಣ್ಣಗೆ, "ನನ್ನ ಸೈಕಲ್ ಮಾರಿಸಿದಾಗಲೂ ನೀನು ಇದೇ ಮಾತು ಹೇಳಿದ್ದೆ" ಎಂದಳು. ಅವಳಿಗೂ ಆಗ ಹತ್ತು ವರ್ಷ. ಒಮ್ಮೆ ಬಿದ್ದು ಮಂಡಿ ತರಚಿಕೊಂಡಿದ್ದಳು, ಅಷ್ಟೆ. ನಾನು ಸುಮ್ಮನಾದೆ.

ನನ್ನ ಭಯ ಬರೀ ಹಳ್ಳಿಗೊಡ್ಡಿನದೇನಲ್ಲ, ನೋಡಿ. ಹದಿನಾರು ತುಂಬದ ಮಕ್ಕಳು ಇದನ್ನು ಓಡಿಸಲೇಬಾರದು ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಮೊದಲು ಮೂರು ಚಕ್ರದ ಗಾಡಿಗಳೂ ಇದ್ದವಂತೆ. ತಿರುವಿನಲ್ಲಿ ಮಗುಚಿ ಮಗುಚಿ, ಕೊನೆಗೆ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟವೇ ನಿಂತಿತು. ಮಗಳು ಇದನ್ನೆಲ್ಲ ಓದಿದ್ದಳು. "ಅಪಾಯ ಇಲ್ಲ ಅನ್ನಲ್ಲಮ್ಮ. ಬೇಲಿ ಹಾಕಿದ ಮೈದಾನದಲ್ಲಿ ಮಾತ್ರ, ಕಲಿಸುವವರ ಎದುರಿಗೆ. ರಸ್ತೆಗೆ ಇಳಿಯೋ ಹಾಗಿಲ್ಲ, ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ" ಎಂದಳು.

ಹಳೆಯ ಗಾಡಿಯೊಂದನ್ನು ನೋಡಲು ಹೋದೆವು. ಮಾರುವವನು, "125 ಸಿಸಿಯದ್ದೇ ಒಯ್ಯಿರಿ, ಮಗು ಬೆಳೆಯುತ್ತೆ" ಎಂದ. ನಮ್ಮೂರ ದರ್ಜಿಯೇ ಮಾತಾಡಿದಂತಾಯಿತು! ನಾನೂ ತಲೆಯಾಡಿಸಿದೆ. ಅಳಿಯ ಒಪ್ಪಲಿಲ್ಲ. ಆ ಗಾಡಿಯ ಮೇಲಿನ ಚೀಟಿಯಲ್ಲಿ ಹನ್ನೆರಡು ವರ್ಷ ಎಂದಿತ್ತು. ಅವನು ಮಗುವನ್ನು ಪೆಡಲಿನ ಮೇಲೆ ನಿಲ್ಲಿಸಿ ನೋಡಿದ. ನಿಂತಾಗ ಸೀಟಿಗೂ ಮೈಗೂ ನಡುವೆ ಮೂರಂಗುಲವಾದರೂ ಜಾಗ ಬೇಕು. ಹ್ಯಾಂಡಲ್ ಹಿಡಿದಾಗ ಮೊಣಕೈ ಮಡಿಚಿರಬೇಕು. ಹ್ಯಾಂಡಲನ್ನು ಪೂರ್ತಿ ತಿರುಗಿಸಿದರೂ ಮೈ ಎಳೆಯಬಾರದು, ಬೆರಳು ಬ್ರೇಕಿಗೆ ಸಲೀಸಾಗಿ ಸಿಗಬೇಕು. ಇವಳ ಬೆರಳು ಅರ್ಧಕ್ಕೇ ನಿಂತಿತು. "ಬ್ರೇಕು ಮುಂದಿನ ವರ್ಷ ಸಿಕ್ಕಿದರೆ ಏನು ಪ್ರಯೋಜನ ಅತ್ತೆ?" ಎಂದ. ಕೊನೆಗೆ ಅವಳ ವಯಸ್ಸಿಗೆ ಹೇಳಿದ 90 ಸಿಸಿಯದು ಬಂತು.

ಆಮೇಲೆ ಗ್ಯಾರೇಜಿನಲ್ಲಿ ಮದುವೆಮನೆಯ ಸಿದ್ಧತೆ! ಚಕ್ರಗಳನ್ನು ಅಗಲಿಸಿ, ಗಾಡಿಯನ್ನು ನೆಲಕ್ಕೆ ತಗ್ಗಿಸಿದರು. ಕಾಯಿ ತುರಿಯುವಾಗ ನಾವು ಕಾಲು ಅಗಲಿಸಿ ತಗ್ಗಾಗಿ ಕೂರುವುದಿಲ್ಲವೆ, ಹಾಗೆ. ತಿರುವಿನಲ್ಲಿ ಬೇಗ ಮಗುಚದು. ಮುಂಚಕ್ರ ಹಿಂಚಕ್ರಗಳ ನಡುವೆ ಕೊಳವೆಯ ಚೌಕಟ್ಟು, ಅದಕ್ಕೆ ನವಾರು ಮಂಚದಂತೆ ಹೆಣೆದ ಪಟ್ಟಿ. ಕಾಲು ಜಾರಿ ಹಿಂಚಕ್ರಕ್ಕೆ ಸಿಗದಿರಲು, ಪಕ್ಕದವರ ಚಕ್ರ ಒಳಗೆ ತೊಡರದಿರಲು. ವೇಗಕ್ಕೆ ಕಡಿವಾಣ ಹಾಕುವ ಸ್ಕ್ರೂವನ್ನು ಅಳಿಯ ಒಮ್ಮೆಲೇ ಬಿಚ್ಚಲಿಲ್ಲ. ಅವಳ ಕೈ ಪಳಗಿದಂತೆ ವಾರಕ್ಕಿಷ್ಟು ಸಡಿಲಿಸಿದ. ಗಾಳಿ ಸೋಸುವ ಸ್ಪಂಜನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಹಿಂಡುವ ಕೆಲಸ ನನ್ನದಾಯಿತು. ಅಭ್ಯಂಜನ ಮಾಡಿಸಿದ ಕೈ, ಚೆನ್ನಾಗಿಯೇ ಬಂತು.

ಇನ್ನೊಂದು ದಾರವಿತ್ತು. ಒಂದು ತುದಿ ಇಂಜಿನ್ನಿನ ಸ್ವಿಚ್ಚಿಗೆ, ಇನ್ನೊಂದು ಮಗುವಿನ ಮಣಿಕಟ್ಟಿಗೆ. ಮಗು ಬಿದ್ದರೆ ದಾರ ಕಿತ್ತು ಇಂಜಿನ್ ನಿಲ್ಲುತ್ತದೆ. "ಇದನ್ನು ನಾನು ಕಟ್ಟುತ್ತೇನೆ" ಎಂದೆ. ಅಭ್ಯಾಸದ ದಿನ ಭದ್ರವಾಗಿರಲೆಂದು ಮೂರು ಸುತ್ತು ಸುತ್ತಿ ಕಟ್ಟಿದೆ. ಮೊದಲ ದಿಬ್ಬದಲ್ಲಿ ಅವಳು ಎದ್ದು ನಿಂತದ್ದೇ ತಡ, ದಾರ ಎಳೆದು ಇಂಜಿನ್ ಬಂದ್! ಹಿಂದೆ ಬರುತ್ತಿದ್ದ ಹುಡುಗ ಪುಣ್ಯಕ್ಕೆ ಪಕ್ಕಕ್ಕೆ ತಿರುಗಿಸಿದ. ಮೈದಾನದವರು ಹಳದಿ ಬಾವುಟ ಬೀಸುತ್ತ ಓಡಿದರು. ನನ್ನ ಕೈಕಾಲು ತಣ್ಣಗಾದವು. ಕಾಪಾಡಲೆಂದು ಕಟ್ಟಿದ ದಾರವೇ ಮಗುವನ್ನು ದಾರಿಯ ನಡುವೆ ನಿಲ್ಲಿಸಿತ್ತು.

ಮೊಮ್ಮಗಳು ಬೈಯಲಿಲ್ಲ. "ಅಜ್ಜಿ, ನಾನು ನಿಲ್ಲಬೇಕು, ಬಗ್ಗಬೇಕು. ಬಿದ್ದಾಗ ಮಾತ್ರ ಅದು ಎಳೀಬೇಕು" ಎಂದು ಕೈ ಚಾಚಿದಳು. ಎರಡು ಸುತ್ತು ಬಿಚ್ಚಿದೆ. ನಿಲ್ಲಿಸಿ, ಬಗ್ಗಿಸಿ, ಮತ್ತೆ ನೋಡಿ ಕಟ್ಟಿದೆ. ಪಕ್ಕದಲ್ಲಿ ನಿಂತಿದ್ದ ಮಗಳು ಏನೂ ಹೇಳಲಿಲ್ಲ. ಆ ಸೈಕಲ್ಲಿನ ನೆನಪು ಇಬ್ಬರಿಗೂ ಬಂದಿರಬೇಕು.

ಸ್ಪರ್ಧೆಯಲ್ಲಿ ಹದಿನಾಲ್ಕು ಮಕ್ಕಳಲ್ಲಿ ಒಂಬತ್ತನೆಯವಳಾಗಿ ಬಂದಳು. ಹೆಲ್ಮೆಟ್ಟಿನೊಳಗೆ ಹಲ್ಲು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ನಾನು ಹುಸಿಕೋಪದಿಂದ ಕೆಸರು ತುಂಬಿದ ಸ್ಪಂಜನ್ನು ತೊಳೆಯಲು ಹೋದೆ.

ಊರಿಗೆ ಬಂದ ಮೇಲೆ ತಮ್ಮನ ಮೊಮ್ಮಗಳ ಲಂಗಕ್ಕೆ ಅಳತೆ ಕೊಡಿಸಲು ಹೋದಾಗ ದರ್ಜಿ ಎಂದಿನಂತೆ ಕೇಳಿದ: "ಬೆಳೆಯೋ ಮಗು, ಸಡಿಲ ಬಿಡಲಾ ಅಮ್ಮ?"

"ಲಂಗಕ್ಕೆ ಬಿಡಪ್ಪ" ಎಂದೆ.